ಗುಟ್ಟಿನ ಮೇಲಿನ ಬಡ್ಡಿ

ಊರು ಬದಲಾದರೂ ಸುದ್ದಿಯ ಒಕ್ಕಣೆ ಬದಲಾಗುವುದಿಲ್ಲ. ಸಲಿಂಗಿ ಪುರುಷರು ಬಳಸುವ ಡೇಟಿಂಗ್ ಆ್ಯಪ್‌ನಲ್ಲಿ ಒಬ್ಬನ ಪರಿಚಯವಾಗುತ್ತದೆ. ಒಂದೆರಡು ದಿನ ಮಾತು, ನಾಲ್ಕಾರು ಫೋಟೊ, ಆಮೇಲೆ ಒಂದು ಲೊಕೇಶನ್. ಹೋಗಿ ನೋಡಿದರೆ ಒಬ್ಬನ ಜಾಗದಲ್ಲಿ ಮೂರು ನಾಲ್ಕು ಜನ. ಬಾಗಿಲು ಹಾಕಿ ಹೊಡೆಯುತ್ತಾರೆ, ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡುತ್ತಾರೆ, ಫೋನಿನ ಲಾಕ್ ತೆಗೆಸಿ ಯುಪಿಐ ಪಿನ್ ಒತ್ತಿಸುತ್ತಾರೆ. ವಿಡಿಯೊ ಮನೆಯವರಿಗೆ ಕಳಿಸೋಣವೋ ಆಫೀಸಿನವರಿಗೋ ಎಂದು ಕೇಳಿ, ಉಳಿದ ಹಣಕ್ಕೆ ಗಡುವು ಕೊಟ್ಟು ಬಿಡುತ್ತಾರೆ. ದೆಹಲಿಯ ಸುತ್ತಲಿನ ಗುರುಗ್ರಾಮ, ಘಾಜಿಯಾಬಾದ್‌ಗಳಿಂದ ಹಿಡಿದು ಹೈದರಾಬಾದ್, ಬೆಂಗಳೂರಿನವರೆಗೆ ಇಂಥ ಪ್ರಕರಣಗಳು ಪೊಲೀಸರ ಬಳಿಗೆ ಬರುತ್ತಲೇ ಇವೆ. ಪ್ರತಿ ಸುದ್ದಿಯ ಕೊನೆಗೂ ಒಂದು ಎಚ್ಚರಿಕೆ ಇದ್ದೇ ಇರುತ್ತದೆ: ಅಪರಿಚಿತರನ್ನು ನಂಬಬೇಡಿ, ಒಂಟಿಯಾಗಿ ಹೋಗಬೇಡಿ. ಎಚ್ಚರಿಕೆ ತಪ್ಪೇನಲ್ಲ. ಆದರೆ ಅದು ಸುಲಿಗೆ ಮಾಡುವವರ ಲೆಕ್ಕಾಚಾರವನ್ನು ಮುಟ್ಟುವುದೇ ಇಲ್ಲ. ಒಂಟಿಯಾಗಿ ಓಡಾಡುವ ಜನ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರನ್ನೆಲ್ಲ ಬಿಟ್ಟು ಈ ಗುಂಪುಗಳು ಈ ಆ್ಯಪ್‌ಗೇ ಬಂದು ಕೂರುವುದೇಕೆ ಎಂದರೆ, ಇಲ್ಲಿ ಸಿಕ್ಕವನು ದೂರು ಕೊಡಲಾರ ಎಂಬ ಭರವಸೆಯಿಂದ. ಸುರಕ್ಷತೆಯ ಮಾತು ಆ ಭರವಸೆಯನ್ನು ಮುರಿಯುವ ಕಡೆಯಿಂದ ಶುರುವಾಗಬೇಕು.

ಇದು ಇಂದಿನ ಸಂಗತಿಯಲ್ಲ, ಫೋನಿನ ಸೃಷ್ಟಿಯೂ ಅಲ್ಲ. ಬ್ರಿಟನ್ನಿನಲ್ಲಿ ಪುರುಷರ ನಡುವಿನ ಸಂಬಂಧವನ್ನು ಅಪರಾಧವಾಗಿಸಿದ 1885ರ ತಿದ್ದುಪಡಿಗೆ ಜನ ಇಟ್ಟ ಅಡ್ಡಹೆಸರೇ ‘ಬ್ಲ್ಯಾಕ್‌ಮೇಲ್ ಮಾಡುವವರ ಸನದು’ ಎಂದು. ಆ ಕಾನೂನನ್ನು ಪರಿಶೀಲಿಸಲು ನೇಮಕವಾಗಿದ್ದ ವುಲ್ಫೆಂಡನ್ ಸಮಿತಿಯ 1957ರ ವರದಿಯಲ್ಲಿ ಒಂದು ಲೆಕ್ಕವಿದೆ. 1950ರಿಂದ 1953ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರಿಗೆ ಗೊತ್ತಾದ 71 ಬ್ಲ್ಯಾಕ್‌ಮೇಲ್ ಪ್ರಕರಣಗಳಲ್ಲಿ 32 ಸಲಿಂಗ ಸಂಬಂಧಕ್ಕೆ ತಳಕು ಹಾಕಿಕೊಂಡವು. ದೂರು ಕೊಟ್ಟವನೇ ಜೈಲಿಗೆ ಹೋಗಬಹುದಾಗಿದ್ದ ಕಾಲದಲ್ಲೇ ಇಷ್ಟು ಹೊರಬಂದಿದ್ದವು ಎಂದರೆ ಒಳಗೆ ಉಳಿದದ್ದೆಷ್ಟೋ. ನಮ್ಮಲ್ಲಂತೂ ಕಾನೂನು ಬರೆದವರಿಗೇ ಇದು ಗೊತ್ತಿತ್ತು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ, 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಎಲ್ಲರಿಗೂ ಪರಿಚಿತ. ಅದರಿಂದ ತುಸು ಮುಂದೆ ಬರುವ 388 ಮತ್ತು 389ನ್ನು ಓದಿದವರು ಕಡಿಮೆ. ಗಂಭೀರ ಅಪರಾಧ ಹೊರಿಸುತ್ತೇನೆಂದು ಹೆದರಿಸಿ ಹಣ ಕಿತ್ತರೆ ಹತ್ತು ವರ್ಷದವರೆಗೆ ಶಿಕ್ಷೆ ಎಂದ ಆ ಕಲಂಗಳು, ಹೊರಿಸುವ ಆರೋಪ 377ರದ್ದಾದರೆ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು ಎಂದು ಬೇರೆಯಾಗಿ ಹೇಳಿದ್ದವು. ಅಂದರೆ ಪ್ರಭುತ್ವ ಒಂದು ಕೈಯಲ್ಲಿ ಬೆದರಿಕೆಯ ಆಯುಧ ತಯಾರಿಸಿ, ಇನ್ನೊಂದು ಕೈಯಲ್ಲಿ ಅದನ್ನು ಬಳಸಿದವನಿಗೆ ಹೆಚ್ಚಿನ ಶಿಕ್ಷೆ ಬರೆದಿಟ್ಟಿತ್ತು. ಆ ಎರಡನೆಯ ಕೈ ಎದ್ದದ್ದು ಅಪರೂಪ.

ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. ಅದಕ್ಕೆ ನೆಲ ಹದ ಮಾಡಿಕೊಟ್ಟದ್ದು ಹಿಂದಿನ ವರ್ಷದ ಖಾಸಗಿತನದ ತೀರ್ಪು. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಂ ಇಲ್ಲವೇ ಇಲ್ಲ. ಅದೇ ಸಂಹಿತೆಯ 308ನೇ ಕಲಂ ಸುಲಿಗೆಯ ಗರಿಷ್ಠ ಶಿಕ್ಷೆಯನ್ನು ಮೂರು ವರ್ಷದಿಂದ ಏಳಕ್ಕೆ ಏರಿಸಿದೆ. ಕಾಗದದ ಮೇಲೆ ತಕ್ಕಡಿ ಪೂರ್ತಿ ತಿರುಗಿದೆ: ಇಬ್ಬರು ವಯಸ್ಕರು ಭೇಟಿಯಾದದ್ದು ಅಪರಾಧವಲ್ಲ, ಅದನ್ನು ತೋರಿಸಿ ಹಣ ಕೇಳಿದ್ದು ದೊಡ್ಡ ಅಪರಾಧ. ಹಾಗಿದ್ದೂ ವಸೂಲಿ ನಿಂತಿಲ್ಲ. ಕಾನೂನಿನ ಭಯ ಹೋದ ಜಾಗದಲ್ಲಿ ಮರ್ಯಾದೆಯ ಭಯ ಹಾಗೆಯೇ ಕುಳಿತಿದೆ. ಬ್ಲ್ಯಾಕ್‌ಮೇಲ್ ಮಾಡುವವನು ಕೈಸಾಲದ ಬಡ್ಡಿ ವ್ಯಾಪಾರಿಯ ಹಾಗೆ. ಗುಟ್ಟು ಅವನ ಅಸಲು, ಪ್ರತಿ ಕಂತೂ ಬಡ್ಡಿ, ಅಸಲು ಎಂದೂ ತೀರುವುದಿಲ್ಲ. ‘ಇದೇ ಕೊನೆ, ವಿಡಿಯೊ ಡಿಲೀಟ್ ಮಾಡ್ತೀನಿ’ ಎಂಬ ಮಾತಿಗೆ ಕೊಟ್ಟ ಮೊದಲ ಐದು ಸಾವಿರ ಅವನಿಗೆ ತಿಳಿಸುವುದು ಒಂದೇ ಸಂಗತಿ: ಈ ಮನುಷ್ಯ ಕೊಡುತ್ತಾನೆ.

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ಇಷ್ಟು ಅಪಾಯವಿದ್ದರೆ ಆ್ಯಪ್‌ಗೆ ಹೋಗುವುದೇಕೆ? ಇದನ್ನು ಕೇಳುವವರಿಗೆ ಸಂಗಾತಿ ಹುಡುಕಿಕೊಡಲು ಚಿಕ್ಕಮ್ಮಂದಿರಿದ್ದಾರೆ, ಮದುವೆ ಮನೆಗಳಿವೆ, ಮ್ಯಾಟ್ರಿಮೊನಿ ತಾಣಗಳಿವೆ, ಭಾನುವಾರದ ಪತ್ರಿಕೆಯ ವಧೂವರರ ಅಂಕಣವಿದೆ. ಇದ್ಯಾವುದೂ ಇಲ್ಲದವರಿಗೆ ಆ್ಯಪ್‌ಗೂ ಮೊದಲು ಇದ್ದದ್ದು ಪಾರ್ಕು, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯದ ಆಸುಪಾಸು. ಅಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಬೆಂಗಳೂರಿನದೇ ದಾಖಲೆ ಇದೆ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಕುರಿತು ಸತ್ಯಶೋಧನಾ ವರದಿ ಹೊರತಂದಿತು. ಜನ ಸೇರುವ ಜಾಗಗಳಲ್ಲಿ ಹಿಡಿದು ಹೊಡೆಯುವುದು, ಕೇಸು ಹಾಕುತ್ತೇನೆ, ಮನೆಗೆ ಹೇಳುತ್ತೇನೆ ಎಂದು ಜೇಬು ಖಾಲಿ ಮಾಡಿಸುವುದು ಅದರಲ್ಲಿ ದಾಖಲಾಗಿದೆ. ವಸೂಲಿ ಮಾಡುವವರ ಸಾಲಿನಲ್ಲಿ ಖಾಕಿಯೂ ಇತ್ತು. ಇಂಟರ್ನೆಟ್ ಬಂದ ಮೇಲೂ ಅಷ್ಟೆ. 2006ರಲ್ಲಿ ಲಖನೌ ಪೊಲೀಸರು ಆನ್‌ಲೈನ್ ಪರಿಚಯದ ಬಲೆ ಬೀಸಿಯೇ ನಾಲ್ವರನ್ನು 377ರಡಿ ಬಂಧಿಸಿದರೆಂದು ಸತ್ಯಶೋಧನಾ ತಂಡ ಆರೋಪಿಸಿತ್ತು. ಪಾರ್ಕಿನ ಕತ್ತಲೆಗಿಂತ ಆ್ಯಪ್ ಒಂದು ವಿಷಯದಲ್ಲಿ ಮೇಲು: ಎದುರಿನವನನ್ನು ಭೇಟಿಗೆ ಮೊದಲು ಮಾತನಾಡಿಸಿ, ನೋಡಿ, ತೂಗಿ, ಬೇಡ ಎನ್ನಲು ಅಲ್ಲಿ ಸಮಯ ಸಿಗುತ್ತದೆ. ಆ ಸಮಯವನ್ನು ಬಳಸಿಕೊಳ್ಳುವುದೇ ಎಚ್ಚರ.

ಆದರೆ ಪಾರ್ಕಿನಲ್ಲಿ ಇಲ್ಲದ ಒಂದು ಅಪಾಯ ಫೋನಿನಲ್ಲಿದೆ. ಪಾರ್ಕಿಗೆ ಬಂದವನಿಗೆ ನಿಮ್ಮ ಹೆಸರು ಗೊತ್ತಿರಲಿಲ್ಲ. ಇಂದು ‘ವಾಟ್ಸ್‌ಆ್ಯಪ್‌ಗೆ ಬಾ’ ಎಂದು ಕೇಳಿದವನಿಗೆ ಹತ್ತು ಅಂಕಿಯ ನಂಬರ್ ಕೊಟ್ಟರೆ ಸಾಕು. ಅವನು ಅದನ್ನು ಫೋನ್‌ಪೇಯಲ್ಲೋ ಗೂಗಲ್ ಪೇಯಲ್ಲೋ ಹಣ ಕಳಿಸುವವನಂತೆ ಒತ್ತಿದ ಕ್ಷಣ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು, ಹಲವು ಸಲ ಇನಿಷಿಯಲ್ ಸಮೇತ, ಪರದೆಯ ಮೇಲೆ ಬರುತ್ತದೆ. ಒಂದು ರೂಪಾಯಿಯನ್ನೂ ಕಳಿಸಬೇಕಿಲ್ಲ. ಆ ಹೆಸರಿನಿಂದ ಫೇಸ್‌ಬುಕ್, ಅಲ್ಲಿಂದ ಅಣ್ಣ ತಂಗಿಯರ ಹೆಸರು, ಲಿಂಕ್ಡ್‌ಇನ್‌ನಿಂದ ಕಂಪನಿ. ಹತ್ತು ನಿಮಿಷದ ಕೆಲಸ. ಸುಲಿಗೆಗೆ ಬೇಕಾದ ಗುಟ್ಟು ಮತ್ತು ವಿಳಾಸ ಎರಡೂ ಒಂದೇ ಕೈಗೆ ಸೇರಿದಂತಾಯಿತು. ಅದಕ್ಕೇ ಸಮುದಾಯದಲ್ಲಿ ಅನುಭವಿಗಳು ಮಾತನ್ನು ಆದಷ್ಟು ಕಾಲ ಆ್ಯಪ್‌ನೊಳಗೇ ಇಟ್ಟುಕೊಳ್ಳಲು ಹೇಳುವುದು. ಹೊರಬರಲೇಬೇಕಾದರೆ ಬ್ಯಾಂಕಿಗೆ ಜೋಡಿಸದ ಬೇರೊಂದು ಸಿಮ್ ಇದ್ದರೆ ಒಳ್ಳೆಯದು. ಇನ್‌ಸ್ಟಾಗ್ರಾಂನ ಯೂಸರ್‌ನೇಮ್ ಇಲ್ಲಿ ಬೇಡ, ಅಲ್ಲಿ ಹಾಕಿದ ಫೋಟೊವೂ ಬೇಡ. ಗೂಗಲ್ ಲೆನ್ಸ್ ಎರಡನ್ನೂ ಜೋಡಿಸಿಬಿಡಬಹುದು. ಮುಖ ಮತ್ತು ಮೈ ಒಂದೇ ಚಿತ್ರದಲ್ಲಿ ಇರಬಾರದು ಎಂಬ ಹಳೆಯ ನಿಯಮಕ್ಕೆ, ಹಿಂದಿನ ಗೋಡೆಯಲ್ಲಿ ಕಂಪನಿಯ ಕ್ಯಾಲೆಂಡರ್ ಇದೆಯೇ ನೋಡಿಕೊಳ್ಳಿ ಎಂಬುದನ್ನೂ ಸೇರಿಸಬೇಕು.

ದೂರ ತೋರಿಸುವ ಸೌಲಭ್ಯವೂ ಹೀಗೆಯೇ. ‘800 ಮೀಟರ್ ದೂರ’ ಎಂಬ ಅಂಕಿಯಿಂದ ಯಾರನ್ನೂ ಹುಡುಕಲಾಗದು ಎಂದು ತೋರುತ್ತದೆ. ಆದರೆ ಮೂರು ಬೇರೆ ಬೇರೆ ಜಾಗದಿಂದ ಆ ದೂರ ಓದಿ, ನಕ್ಷೆಯ ಮೇಲೆ ಮೂರು ವೃತ್ತ ಎಳೆದರೆ ಅವು ಕೂಡುವುದು ಒಂದೇ ಬಿಂದುವಿನಲ್ಲಿ. ಹೈಸ್ಕೂಲಿನ ರೇಖಾಗಣಿತ ಸಾಕು. ಗ್ರೈಂಡರ್ ಆ್ಯಪ್‌ನಲ್ಲಿ ಇದು ಸಾಧ್ಯವೆಂದು ಭದ್ರತಾ ಸಂಶೋಧಕರು 2014ರಲ್ಲೇ ತೋರಿಸಿದ ಮೇಲೆ ಕಂಪನಿ ಈಜಿಪ್ಟ್‌ನಂಥ ದೇಶಗಳಲ್ಲಿ ದೂರದ ಅಂಕಿಯನ್ನು ಮರೆಮಾಡಿತು. ಅಲ್ಲಿ ಬಲೆ ಬೀಸುವವರು ಪೊಲೀಸರೇ. ಫೋನ್ ಕಸಿದು ಅದರಲ್ಲಿರುವ ಚಾಟ್, ಫೋಟೊಗಳನ್ನೇ ಸಾಕ್ಷ್ಯವಾಗಿ ಬಳಸುವುದನ್ನು ಹ್ಯೂಮನ್ ರೈಟ್ಸ್ ವಾಚ್ 2023ರ ವರದಿಯಲ್ಲಿ ಈಜಿಪ್ಟ್, ಇರಾಕ್, ಜೋರ್ಡನ್, ಲೆಬನಾನ್, ಟ್ಯುನೀಷಿಯಾಗಳಿಂದ ವಿವರವಾಗಿ ದಾಖಲಿಸಿದೆ. ದುಡಿಯಲು ಕೊಲ್ಲಿ ದೇಶಗಳಿಗೆ ಹೋಗುವ ಕರಾವಳಿಯ ಯುವಕರು ವಿಮಾನ ಹತ್ತುವ ಮೊದಲು ಈ ಆ್ಯಪ್‌ಗಳನ್ನು ತೆಗೆದುಹಾಕುವುದು ಅಂಜುಬುರುಕತನವಲ್ಲ. ಅಲ್ಲಿನ ಹಲವೆಡೆ ಕಾನೂನೇ ಬೇರೆ. ಇಲ್ಲಿರುವವರು ಸೆಟ್ಟಿಂಗ್ಸ್‌ನಲ್ಲಿ ದೂರ ತೋರಿಸುವುದನ್ನು ನಿಲ್ಲಿಸಿದರೆ ಅರ್ಧ ಕೆಲಸವಾಗುತ್ತದೆ, ಪೂರ್ತಿಯಲ್ಲ; ಹತ್ತಿರದವರು ಮೊದಲು ಎಂಬ ಸಾಲು ಹಾಗೆಯೇ ಉಳಿಯುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಎಲ್ಲ ಬಳಕೆದಾರರಿಗೂ ಆಧಾರ್ ಕಡ್ಡಾಯ ಮಾಡಿದರೆ ನಕಲಿ ಪ್ರೊಫೈಲ್‌ಗಳು ಸತ್ತುಹೋಗುವುದಿಲ್ಲವೇ? ಒಂದಷ್ಟು ಸಾಯುತ್ತವೆ, ನಿಜ. ಆದರೆ ಆಗ ದೇಶದ ಸಲಿಂಗಿಗಳ, ದ್ವಿಲಿಂಗಿಗಳ, ಲಿಂಗತ್ವ ಅಲ್ಪಸಂಖ್ಯಾತರ ಹೆಸರು ವಿಳಾಸಗಳ ಪಟ್ಟಿಯೊಂದು ಒಂದು ಕಂಪನಿಯ ಸರ್ವರ್‌ನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಈ ಕಂಪನಿಗಳು ಇಂಥ ಮಾಹಿತಿಯನ್ನು ಹೇಗೆ ಕಾಯ್ದಿವೆ ಎಂಬುದಕ್ಕೆ ಉದಾಹರಣೆ ಕಣ್ಣ ಮುಂದಿದೆ. ಗ್ರೈಂಡರ್ ತನ್ನ ಬಳಕೆದಾರರ ಎಚ್‌ಐವಿ ಸ್ಥಿತಿಯನ್ನು ಹೊರಗಿನ ಎರಡು ಕಂಪನಿಗಳಿಗೆ ರವಾನಿಸುತ್ತಿದ್ದುದು 2018ರಲ್ಲಿ ಬಯಲಾಯಿತು. ಸರಿಯಾದ ಒಪ್ಪಿಗೆಯಿಲ್ಲದೆ ಜಾಹೀರಾತುದಾರರ ಜೊತೆ ಮಾಹಿತಿ ಹಂಚಿಕೊಂಡದ್ದಕ್ಕೆ ನಾರ್ವೆಯ ದತ್ತಾಂಶ ರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಅದಕ್ಕೆ 6.5 ಕೋಟಿ ಕ್ರೋನರ್ ದಂಡ ಹಾಕಿತು. ಒಬ್ಬ ಪುಂಡನ ಫೋನಿನಲ್ಲಿರುವ ಒಂದು ವಿಡಿಯೊಗೆ ಹೆದರಿ ಲಕ್ಷಾಂತರ ಜನರ ಗುರುತನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬುವುದು ಜಾಣತನವಲ್ಲ. ಹೆಸರು ಕೇಳದೆ, ಪ್ರೊಫೈಲ್ ಫೋಟೊದಲ್ಲಿರುವವನೇ ಫೋನ್ ಹಿಡಿದಿದ್ದಾನೆಂದು ಸೆಲ್ಫಿಯಿಂದ ಖಾತ್ರಿ ಮಾಡುವ ಮಧ್ಯದ ದಾರಿ ಇದೆ. ಆ್ಯಪ್ ಮಾಡದಿದ್ದರೂ ಐದು ನಿಮಿಷದ ವಿಡಿಯೊ ಕಾಲ್ ಅದನ್ನೇ ಮಾಡುತ್ತದೆ, ಬಟ್ಟೆ ಹಾಕಿಕೊಂಡು ಮಾಡುವ ಕಾಲ್ ಎಂದು ಬಿಡಿಸಿ ಹೇಳಬೇಕು. ಎದುರಿನವರು ಪರದೆಯನ್ನು ರೆಕಾರ್ಡ್ ಮಾಡಿಕೊಂಡು, ಮರುದಿನ ‘ಸೈಬರ್ ಕ್ರೈಂನಿಂದ ಇನ್‌ಸ್ಪೆಕ್ಟರ್ ಮಾತಾಡ್ತಿರೋದು’ ಎಂದು ಫೋನ್ ಮಾಡುವ ದಂಧೆಗೆ ಭೇಟಿಯೂ ಬೇಕಿಲ್ಲ, ಫ್ಲ್ಯಾಟೂ ಬೇಕಿಲ್ಲ. ದುಡ್ಡು ಕಟ್ಟಿದರೆ ಕೇಸು ಬಿಡುತ್ತೇನೆ ಎನ್ನುವವನು ಪೊಲೀಸನಲ್ಲ. ನಿಜವಾಗಿ ಪೊಲೀಸನೇ ಆಗಿದ್ದರೆ ಅವನ ಮೇಲೂ ದೂರು ಕೊಡಬೇಕು.

‘ಮೊದಲ ಭೇಟಿ ಸಾರ್ವಜನಿಕ ಸ್ಥಳದಲ್ಲಿರಲಿ’ ಎಂಬ ಸಲಹೆ ಬೆಂಗಳೂರಿನ ಮಾಲ್‌ಗೆ, ಮೆಟ್ರೊ ನಿಲ್ದಾಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಗದಗದಲ್ಲೋ ಹಾಸನದಲ್ಲೋ ಇರುವವನಿಗೆ ಸಾರ್ವಜನಿಕ ಸ್ಥಳವೆಂದರೆ ಹೋಟೆಲಿನ ಗಲ್ಲಾದ ಮೇಲಿರುವವರು ‘ಏನಪ್ಪಾ, ಅಪ್ಪ ಹೇಗಿದ್ದಾರೆ, ಇವರ್ಯಾರು?’ ಎಂದು ಕೇಳುವ ಜಾಗ. ಅವನಿಗೆ ಜನರೇ ಭಯ. ಆದ್ದರಿಂದಲೇ ಅವನು ಬೈಪಾಸಿನ ಆಚೆ, ಕಟ್ಟುತ್ತಿರುವ ಲೇಔಟಿಗೆ ಹೋಗುತ್ತಾನೆ. ಸುಲಿಗೆ ಮಾಡುವವರಿಗೆ ಬೇಕಿರುವುದೂ ಅದೇ ಜಾಗ. ಹಾಗಾಗಿ ಸಲಹೆಯನ್ನು ಊರಿಗೆ ತಕ್ಕಂತೆ ತಿದ್ದಬೇಕು. ಜನ ಇರಬೇಕು, ಗುರುತಿನವರು ಇರಬಾರದು: ಪಕ್ಕದ ಊರಿನ ಬಸ್ ನಿಲ್ದಾಣ, ರೈಲು ನಿಲ್ದಾಣ, ಜಾತ್ರೆ. ಹೋಗುವಾಗ ಯುಪಿಐ ಇರುವ ಖಾತೆಯಲ್ಲಿ ಸಣ್ಣ ಮೊತ್ತ ಮಾತ್ರ. ಕೊನೆಯ ಗಳಿಗೆಯಲ್ಲಿ ಜಾಗ ಬದಲಿಸಿದರೆ, ‘ನನ್ನ ಫ್ರೆಂಡ್ ಬಂದು ಕರಕೊಂಡು ಬರ್ತಾನೆ’ ಎಂದರೆ ವಾಪಸ್ ಬಸ್ ಹತ್ತುವುದು. ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಆ್ಯಪ್‌ನಲ್ಲಿ ಹೆಣ್ಣಿನ ಹೆಸರಿಟ್ಟುಕೊಂಡ ಗಂಡಸರ ಕಾಟ ಇದ್ದದ್ದೇ. ಅದಕ್ಕಿಂತ ದೊಡ್ಡ ಅಪಾಯ ಮನೆಯೊಳಗಿದೆ. ಫೋನ್ ಕಸಿದು ನೋಡುವ ಅಣ್ಣ, ಕೋಣೆಗೆ ಬೀಗ, ತಿಂಗಳೊಳಗೆ ಮದುವೆ. ಅವರ ಪಾಲಿಗೆ ಆ್ಯಪ್‌ಗೆ ಬೇರೆ ಪಿನ್ ಹಾಕುವುದು, ಐಕಾನ್ ಕ್ಯಾಲ್ಕುಲೇಟರಿನಂತೆ ಕಾಣುವ ಹಾಗೆ ಬದಲಿಸಿಕೊಳ್ಳುವುದು ಭೇಟಿಯ ಜಾಗಕ್ಕಿಂತ ಮುಖ್ಯ.

ಇಷ್ಟೆಲ್ಲ ಎಚ್ಚರವಹಿಸಿದರೂ ಒಬ್ಬರಿಗಾದರೂ ಹೇಳಿ ಹೋಗುವುದಕ್ಕೆ ಸಮನಾದದ್ದಿಲ್ಲ. ಇದನ್ನು ಕೇಳಿದ ಕೂಡಲೇ ಬರುವ ಆಕ್ಷೇಪ: ಎಲ್ಲರೂ ತಮ್ಮ ಲೈಂಗಿಕತೆಯನ್ನು ಊರಿಗೆ ಸಾರಬೇಕೇ? ಬೇಡ. ಗುಟ್ಟು ಕಾಯ್ದುಕೊಳ್ಳುವುದು ಅವರವರ ಹಕ್ಕು, ಪುಟ್ಟಸ್ವಾಮಿ ತೀರ್ಪು ಅದನ್ನೂ ಕಾಯುತ್ತದೆ. ಆದರೆ ಗುಟ್ಟು ಒಬ್ಬನದೇ ಆಗಿರುವುದಕ್ಕೂ ಇಬ್ಬರದಾಗಿರುವುದಕ್ಕೂ ಅಜಗಜಾಂತರ. ಒಬ್ಬ ಗೆಳತಿಗೆ, ಒಬ್ಬ ಅಕ್ಕನಿಗೆ ಗೊತ್ತಿದ್ದರೆ ಲೈವ್ ಲೊಕೇಶನ್ ಕಳಿಸಬಹುದು. ರಾತ್ರಿ ಹನ್ನೊಂದಕ್ಕೆ ‘ಹಣ ಹಾಕು’ ಎಂಬ ಮೆಸೇಜು ಬಂದಾಗ ಪಕ್ಕದಲ್ಲಿ ಕೂತು ‘ಹಾಕಬೇಡ’ ಎನ್ನಲು ಒಂದು ದನಿ ಇರುತ್ತದೆ. ಸುಲಿಗೆಯ ಕಸುಬು ನಡೆಯುವುದೇ ಆ ಗಂಟೆಯ ಒಂಟಿತನದ ಮೇಲೆ. ಹಾಗೆ ಹೇಳಿಕೊಳ್ಳಲು ಯಾರೂ ಇಲ್ಲದವರಿಗಾಗಿಯೇ ಬೆಂಗಳೂರಿನಲ್ಲಿ 1990ರ ದಶಕದಿಂದ ಗುಡ್ ಆ್ಯಸ್ ಯೂ, ಸಂಗಮದಂಥ ಗುಂಪುಗಳು ಹುಟ್ಟಿಕೊಂಡವು. ಮನಸ್ಸು ತೀರಾ ಕುಸಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ.

ಹೇಳಿ ಹೋಗುವುದು ಮಾತ್ರ ಸಾಕೇ ಎಂದರೆ ಲಂಡನ್ನಿನ ಬಾರ್ಕಿಂಗ್ ಪ್ರಕರಣ ಸಾಲದು ಎನ್ನುತ್ತದೆ. ಸ್ಟೀಫನ್ ಪೋರ್ಟ್ ಎಂಬಾತ 2014 ಮತ್ತು 2015ರ ನಡುವೆ ಆ್ಯಪ್ ಹಾಗೂ ವೆಬ್‌ಸೈಟ್‌ಗಳಲ್ಲಿ ಪರಿಚಯವಾದ ನಾಲ್ವರು ಯುವಕರಿಗೆ ಮಾದಕದ್ರವ್ಯ ಕೊಟ್ಟು ಕೊಂದ. ಮೊದಲನೆಯವ ತಾನು ಯಾರನ್ನು ನೋಡಲು ಹೋಗುತ್ತಿದ್ದೇನೆಂದು ಗೆಳೆಯರಿಗೆ ತಿಳಿಸಿಯೇ ಹೋಗಿದ್ದ. ಅವನ ಶವ ಸಿಕ್ಕಿದ್ದು ಪೋರ್ಟ್‌ನ ಫ್ಲ್ಯಾಟಿನ ಹೊರಗೆ. ಎರಡನೆಯ ಮತ್ತು ಮೂರನೆಯ ಶವಗಳು ಹತ್ತಿರದ ಒಂದೇ ಚರ್ಚಿನ ಅಂಗಳದಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ನಾಯಿ ಸುತ್ತಾಡಿಸುತ್ತಿದ್ದ ಒಬ್ಬಳೇ ಹೆಂಗಸಿಗೆ ಕಂಡವು. ಗೆಳೆಯರು, ಮನೆಯವರು ಅನುಮಾನ ಹೇಳುತ್ತಲೇ ಇದ್ದರು. ಪೊಲೀಸರು ಮಾದಕದ್ರವ್ಯ ಹೆಚ್ಚಾಗಿ ಸತ್ತವರೆಂದು ಕಡತ ಮುಚ್ಚುತ್ತ ಹೋದರು. ಪೊಲೀಸರ ಲೋಪಗಳು ಮೂರು ಸಾವುಗಳಿಗೆ ಬಹುಶಃ ಕಾರಣವಾದವು ಎಂದು 2021ರ ಡಿಸೆಂಬರ್‌ನಲ್ಲಿ ವಿಚಾರಣಾ ಜ್ಯೂರಿ ಹೇಳಿತು. ಸುರಕ್ಷತೆಯ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವನ ಕಡೆಯವರ ಮಾತನ್ನು ಕೇಳುವವರು ಠಾಣೆಯಲ್ಲಿ ಇರಲಿಲ್ಲ.

ನಮ್ಮ ಠಾಣೆಗಳ ಬಗ್ಗೆ ಅನುಮಾನಪಡುವವರನ್ನು ತಪ್ಪೆನ್ನಲಾಗದು. ಕರ್ನಾಟಕದಲ್ಲಿ ರಾಜಕಾರಣಿಗಳ ಹನಿಟ್ರ್ಯಾಪ್ ಆರೋಪ ಬಂದರೆ ವಿಧಾನಸಭೆಯಲ್ಲೇ ಗದ್ದಲವಾಗುತ್ತದೆ, 2025ರ ಮಾರ್ಚ್‌ನಲ್ಲಿ ಆದಂತೆ. ಅದೇ ಬಲೆಗೆ ಬಿದ್ದ ಡೆಲಿವರಿ ಹುಡುಗ ಠಾಣೆಗೆ ಹೋದರೆ ಮೊದಲ ಪ್ರಶ್ನೆ ‘ಅಲ್ಲಿಗೆ ಯಾಕೆ ಹೋಗಿದ್ದೆ?’ ಎಂಬುದು. ನವತೇಜ್ ಪ್ರಕರಣದ ತಮ್ಮ ತೀರ್ಪಿನಲ್ಲಿ ನ್ಯಾಯಮೂರ್ತಿ ರೋಹಿಂಟನ್ ನರಿಮನ್ ಪೊಲೀಸರೂ ಸೇರಿ ಸರ್ಕಾರಿ ಅಧಿಕಾರಿಗಳಿಗೆ ಈ ಕುರಿತು ತಿಳಿವಳಿಕೆ ಕೊಡಬೇಕೆಂದು ಕೇಂದ್ರಕ್ಕೆ ಸೂಚಿಸಿದ್ದರು. ತಮಿಳುನಾಡು, ಮದ್ರಾಸ್ ಹೈಕೋರ್ಟ್ ಬೆನ್ನುಹತ್ತಿದ ಮೇಲೆ, 2022ರಲ್ಲಿ ಪೊಲೀಸರ ನಡತೆ ನಿಯಮಗಳಿಗೇ ತಿದ್ದುಪಡಿ ತಂದು ಈ ಸಮುದಾಯದವರಿಗೆ ಕಿರುಕುಳ ಕೊಡಬಾರದೆಂದು ಬರೆಯಿತು. ಬರೆದಿಟ್ಟ ನಿಯಮವಿದ್ದರೆ ದೂರುದಾರನ ಕೈಯಲ್ಲಿ ತೋರಿಸಲು ಒಂದು ಹಾಳೆ ಇರುತ್ತದೆ. ಇಲ್ಲಿಯೂ ಅಂಥ ನಿಯಮ ಬರುವವರೆಗೆ ಇರುವ ದಾರಿಗಳನ್ನಾದರೂ ಬಳಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ ಆಗುತ್ತದೆ. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟು ಮೂರು ದಿನದೊಳಗೆ ಸಹಿ ಹಾಕಬಹುದು. ಅಂದರೆ ಅಪ್ಪನಿಗೆ ಪರಿಚಯವಿರುವ ಸ್ವಂತ ಊರಿನ ಠಾಣೆಗೇ ಹೋಗಬೇಕಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ತಡವಾದಷ್ಟೂ ಅದು ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ. ಪಾರ್ಕಿನಲ್ಲಿ ಕಿತ್ತ ನೋಟಿಗೆ ಸಾಕ್ಷಿ ಇರಲಿಲ್ಲ, ಯುಪಿಐಯಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆ ಇದೆ. ಸಿಟ್ಟಿನಲ್ಲಿ ಮಾಡುವ ಒಂದು ತಪ್ಪೆಂದರೆ ಮೊದಲು ಬ್ಲಾಕ್ ಮಾಡಿಬಿಡುವುದು. ಗ್ರೈಂಡರ್‌ನಂಥ ಆ್ಯಪ್‌ನಲ್ಲಿ ಬ್ಲಾಕ್ ಒತ್ತಿದರೆ ಮಾತುಕತೆಯೇ ಮಾಯ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್.

ದೂರು ಕೊಟ್ಟರೆ ಹೆಸರು ಹೊರಬರುವುದಿಲ್ಲವೇ ಎಂಬ ಕೊನೆಯ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ಕೊಡುವ ಉತ್ತರವಿಲ್ಲ. ಸಂತ್ರಸ್ತರ ಗುರುತನ್ನು ಮುಚ್ಚಿಡಬೇಕೆಂಬ ಕಟ್ಟುನಿಟ್ಟು ಅತ್ಯಾಚಾರದಂಥ ಅಪರಾಧಗಳಿಗೆ ಇದೆ, ಸುಲಿಗೆಗೆ ಇಲ್ಲ. ಇಲ್ಲಿಯೂ ಅದು ಬರಬೇಕು. ಶಾಸಕಾಂಗಕ್ಕೆ ಇದು ಕಷ್ಟದ ಕೆಲಸವೇನಲ್ಲ. ಅದಕ್ಕಿಂತ ದೊಡ್ಡ ಕಂದಕವೊಂದು ಹೊಸ ಸಂಹಿತೆಯಲ್ಲೇ ಉಳಿದಿದೆ. 377ನ್ನು ಪೂರ್ತಿ ಕೈಬಿಟ್ಟಾಗ ಸಮ್ಮತಿಯಿಲ್ಲದೆ ಪುರುಷನ ಮೇಲೆ ನಡೆಯುವ ಲೈಂಗಿಕ ದಾಳಿಗೆ ಇದ್ದ ಒಂದೇ ಕಲಮೂ ಹೋಯಿತು; ಅತ್ಯಾಚಾರದ ಕಲಂನಲ್ಲಿ ಸಂತ್ರಸ್ತೆ ಹೆಣ್ಣು ಮಾತ್ರ. ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರಲ್ಲಿ ಬಂದ ಕಾಯ್ದೆ ಇಟ್ಟ ಗರಿಷ್ಠ ಶಿಕ್ಷೆ ಎರಡು ವರ್ಷ. ಅಸಮ್ಮತಿಯ ಭಾಗವನ್ನು ಉಳಿಸಿಕೊಳ್ಳಿ ಎಂದು ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ 2023ರಲ್ಲೇ ಶಿಫಾರಸು ಮಾಡಿತ್ತು, ಸರ್ಕಾರ ಉಳಿಸಿಕೊಳ್ಳಲಿಲ್ಲ. ಬೇಗ ನಿರ್ಧಾರ ಕೈಗೊಳ್ಳಿ ಎಂದು ದೆಹಲಿ ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಆ ಬಾಗಿಲು ಹಾಕಿದ ಕೋಣೆಯಲ್ಲಿ ಹೊಡೆತದ ಜೊತೆ ಲೈಂಗಿಕ ದಾಳಿಯೂ ನಡೆದಿದ್ದರೆ, ಧೈರ್ಯ ಮಾಡಿ ಠಾಣೆಗೆ ಬಂದ ಗಂಡಸಿನ ದೂರಿನಲ್ಲಿ ಹಲ್ಲೆ, ಅಕ್ರಮ ಬಂಧನ, ಸುಲಿಗೆಗಳಿಗೆ ಕಲಂ ಇವೆ. ಆ ದಾಳಿಗೆ ಅದರ ಹೆಸರಿನಲ್ಲೇ ಹಾಕಬಹುದಾದ ಕಲಂ ಹೊಸ ಸಂಹಿತೆಯನ್ನು ಬರೆದವರು ಇಟ್ಟಿಲ್ಲ.